ಕುಳ್ಳಾದ ಮಾರಾಟ

ಹಾಸಿಗೆ ಅಂಗಡಿಯ ಆ ಮಾರಾಟಗಾರನಿಗೆ ತನ್ನ ಇಂಗ್ಲಿಷಿನ ಮೇಲೆ ಬೆಟ್ಟದಷ್ಟು ಹೆಮ್ಮೆ. "ಈ ಮನೇಲಿ ಡಿಕ್ಷನರಿ ಯಾಕೆ? ನಾನಿಲ್ವಾ?" ಎಂದು ಘೋಷಿಸಿ, ಆ ದಪ್ಪ ಪುಸ್ತಕವನ್ನು ಹೆಂಡತಿಯ ಹೊಲಿಗೆ ಯಂತ್ರದ ಕುಂಟುಕಾಲಿಗೆ ಒತ್ತಾಗಿ ಇಟ್ಟುಬಿಟ್ಟಿದ್ದ.

ಒಂದು ಸಂಜೆ ಸಾಕ್ಸ್ ಕಳಚುತ್ತಿರುವಾಗ ಮೊಬೈಲ್ ಟಿಣ್ ಎಂದಿತು. ಮ್ಯಾನೇಜರ್ ಸಾಹೇಬರ ಸಂದೇಶ. "ಯುವರ್ ಸೇಲ್ಸ್ ಡ್ವಾರ್ಫ್ ಆಲ್ ದಿ ಅದರ್ಸ್. ಸೀ ಮಿ ಅಟ್ ಟೆನ್."

ಒಂದು ಸಾಕ್ಸ್ ಕಾಲಲ್ಲೇ ಉಳಿಯಿತು, ಇನ್ನೊಂದು ಕೈಯಲ್ಲಿ. ಮುಖದಲ್ಲಿ ಮಾತ್ರ ರಕ್ತ ಉಳಿಯಲಿಲ್ಲ!

"ಏನಂತೆ?" ಎಂದಳು ಹೆಂಡತಿ.

"ಡ್ವಾರ್ಫ್ ಅಂತೆ! ಡ್ವಾರ್ಫ್ ಅಂದ್ರೆ ಕುಳ್ಳ."

"ಯಾರು, ನೀವಾ? ಬಾಗಿಲು ದಾಟುವಾಗೆಲ್ಲ ತಲೆ ಚಚ್ಚಿಸ್ಕೊಳ್ಳೋ ನೀವು ಕುಳ್ಳಾನಾ?"

"ನಾನಲ್ಲ ಕಣೇ, ನನ್ನ ಮಾರಾಟ! ಎಲ್ಲರದ್ದಕ್ಕಿಂತ ಕುಳ್ಳಂತೆ. ಹತ್ತಕ್ಕೆ ಬಾ ಅಂದಿದ್ದಾರೆ. ಕೆಲಸದಿಂದ ಕಿತ್ತುಹಾಕೋಕೆ!"

"ಈ ತಿಂಗಳು ಬಿಡುವಿಲ್ಲದಷ್ಟು ಮಾರಿದೆ ಅಂತಿದ್ರಿ? ಡಿಕ್ಷನರಿ ಒಂದ್ಸಲ ನೋಡೋಣ್ವಾ?"

"ಮುಟ್ಟಬೇಡ! ಕುಳ್ಳ ಅಂದ್ರೆ ಕುಳ್ಳ. ನೋಡೋಕೇನಿದೆ?"

"ಸರಿ. ಒಂದೇ ಮಾತು ಕೇಳಿ. ಅವರು ಮಾತು ಮುಗಿಸೋವರೆಗೂ ನೀವು ಬಾಯಿ ಬಿಡಬೇಡಿ."

ಮಾರನೆಯ ಬೆಳಿಗ್ಗೆ ಅವನು ಅಂಗಡಿಯ ಮೆಟ್ಟಿಲು ಹತ್ತಿದ. ಕ್ಯಾಷಿಯರ್ ಹುಡುಗಿ ನಕ್ಕಳು. ಪಾಪ, ಕನಿಕರ! ಗೋಡೌನಿನವನು ಕೈ ಕುಲುಕಿದ. ಆಯಿತು, ಬೀಳ್ಕೊಡುಗೆಯೂ ಮುಗಿಯಿತು! ಸಾಹೇಬರ ಕೋಣೆಯ ಮುಂದೆ ನಿಂತಾಗ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ.

"ಬನ್ನಿ, ಕೂತ್ಕೊಳ್ಳಿ. ಒಂದು ವಿಷಯ..." ಎಂದರು ಸಾಹೇಬರು.

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು!

"ನಿಜ ಸರ್! ದಿನಾ ಊಟ ಆದ್ಮೇಲೆ ಎರಡನೇ ಮಹಡಿಯ ಸ್ಪ್ರಿಂಗ್ ಹಾಸಿಗೆ ಮೇಲೆ ಮಲಗ್ತಿದ್ದೆ! ಗಿರಾಕಿಗಳು ಎಬ್ಬಿಸಿದ್ರೆ 'ಪರೀಕ್ಷೆ ಮಾಡ್ತಿದ್ದೀನಿ' ಅಂತಿದ್ದೆ! ನೀವು ಬರೋದು ಗೊತ್ತಾಗ್ಲಿ ಅಂತ ಅಲ್ಲಿನ ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಹಾಕೋಕೂ ಬಿಟ್ಟಿಲ್ಲ! ಅದಕ್ಕೇ ಮಾರಾಟ ಕುಳ್ಳಾಗಿದೆ ಸರ್, ಕ್ಷಮಿಸಿ!"

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಅವನನ್ನೇ ನೋಡಿದರು.

"ಕುಳ್ಳಾಗಿದೆ ಅಂತ ಯಾರು ಹೇಳಿದ್ರು?"

"ನೀವೇ ಸರ್. ಡ್ವಾರ್ಫ್..."

"ಅಯ್ಯೋ ಪುಣ್ಯಾತ್ಮ! ಅಲ್ಲಿ ಅದು ನಾಮಪದ ಅಲ್ಲ, ಕ್ರಿಯಾಪದ! ಆನೆ ಬಂದು ಪಕ್ಕದಲ್ಲಿ ನಿಂತ್ರೆ ಕುದುರೆ ಕುಳ್ಳಾಗಿ ಕಾಣುತ್ತೆ ತಾನೆ? ಆಗ ಆನೆ ಕುದುರೆಯನ್ನ ಡ್ವಾರ್ಫ್ ಮಾಡ್ತು ಅಂತಾರೆ. ಆನೆ ನೀವು! ನಿಮ್ಮ ಮಾರಾಟದ ಮುಂದೆ ಉಳಿದವರದ್ದೆಲ್ಲ ಕುಳ್ಳು. ಮಹಡಿಯ ಮುಖ್ಯಸ್ಥನನ್ನಾಗಿ ಮಾಡೋಣ ಅಂತ ಕರೆದೆ."

ಆನೆಗೆ ಕೂತಲ್ಲೇ ಬೆವರು ಕಿತ್ತುಕೊಂಡಿತು. ಬಾಯಿಂದ ಹೊರಟ ಮಾತನ್ನು ಯಾವ ಸೊಂಡಿಲಿನಿಂದ ಎಳೆದುಕೊಳ್ಳುವುದು?

"ಅದಿರಲಿ," ಸಾಹೇಬರ ದನಿ ತಣ್ಣಗಾಯಿತು. "ಎಲ್ಲರೂ ಆ ಸ್ಪ್ರಿಂಗ್ ಹಾಸಿಗೇನೇ ಯಾಕೆ ಕೇಳ್ತಾರೆ ಅಂತ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮ ಗೊರಕೆ ಕೇಳಿ ಮರುಳಾಗಿದ್ದಾರೆ! ಮುಖ್ಯಸ್ಥರಾಗಿ, ಬೇಡ ಅನ್ನಲ್ಲ. ಆದ್ರೆ ನಾಳೆಯಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೀದಿ ಕಡೆಯ ಗಾಜಿನ ಕಿಟಕಿಯಲ್ಲಿ ನಿಮ್ಮ ನಿದ್ದೆ. ಊರೆಲ್ಲ ನೋಡಲಿ."

ಮರುದಿನ ಮಹಡಿಯ ನೂತನ ಮುಖ್ಯಸ್ಥ ಗಾಜಿನ ಹಿಂದೆ, ಗಲ್ಲದವರೆಗೆ ಹೊದಿಕೆ ಎಳೆದುಕೊಂಡು ಮಲಗಿದ. ಎದುರಿನ ಬಸ್ ನಿಲ್ದಾಣದಲ್ಲಿದ್ದವರೆಲ್ಲ ಬಸ್ಸು ಬಿಟ್ಟು ಇವನನ್ನೇ ನೋಡತೊಡಗಿದರು. ಕದ್ದು ಮಲಗಿದಾಗ ಕರೆಯದೆ ಬರುತ್ತಿದ್ದ ನಿದ್ದೆ, ಈಗ ಗೋಗರೆದರೂ ಹತ್ತಿರ ಸುಳಿಯಲಿಲ್ಲ! ಕಣ್ಣು ಬಿಗಿದ, ಕುರಿ ಎಣಿಸಿದ, ಸುಳ್ಳು ಗೊರಕೆ ಹೊಡೆದು ಕೆಮ್ಮು ತಂದುಕೊಂಡ. ಊಹೂಂ!

ನಾಲ್ಕು ಹೊಡೆಯಿತು. ಎದ್ದು ಕೂತವನ ಕೈಗೆ ಸಾಹೇಬರ ಚೀಟಿ ಬಂತು. ಅಚ್ಚ ಕನ್ನಡದಲ್ಲಿ, ಅಪಾರ್ಥಕ್ಕೆ ಎಡೆಯೇ ಇಲ್ಲದಂತೆ ಬರೆದಿತ್ತು:

"ತಾವು ಕರ್ತವ್ಯದ ವೇಳೆಯಲ್ಲಿ ಎಚ್ಚರವಾಗಿದ್ದದ್ದು ಕಂಡುಬಂದಿದೆ. ಮೂರು ದಿನದೊಳಗೆ ಕಾರಣ ಕೊಡಿ."