ಮೂರನೆಯ ಬೇಡ

ಕನ್ನಡದಲ್ಲಿ ‘ಬೇಡ’ ಎಂಬ ಪದಕ್ಕೆ ‘ಬೇಡ’ ಎಂಬ ಅರ್ಥ ಬರಬೇಕಾದರೆ ಅದನ್ನು ಮೂರು ಸಲ ಹೇಳಬೇಕು. ಇದನ್ನು ಯಾವ ವ್ಯಾಕರಣದಲ್ಲೂ ಬರೆದಿಲ್ಲ, ಆದರೆ ನಮ್ಮ ಮೈಸೂರಿನ ಮನೆಗಳಲ್ಲಿ ಮಕ್ಕಳಿಗೆ ಮಾತು ಬರುವುದಕ್ಕೂ ಮುಂಚೆ ಇದು ಬಂದಿರುತ್ತದೆ. ಮೊದಲನೆಯ ಬೇಡ ಮರ್ಯಾದೆಯದು. ‘ಕಾಫಿ ತಗೊಳ್ಳಿ’ ಎಂದ ಕೂಡಲೇ ‘ತನ್ನಿ’ ಎನ್ನುವವನನ್ನು ನಮ್ಮ ಕಡೆ ಮನುಷ್ಯ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯ ಬೇಡ ಸಂಕೋಚದ್ದು. ಅದರ ಅರ್ಥ ‘ಅರ್ಧ ಲೋಟ ಸಾಕು’ ಎಂದು. ಮೂರನೆಯದು ಮಾತ್ರ ನಿಜವಾದ ಬೇಡ. ಅಷ್ಟರಲ್ಲಿ ಲೋಟ ಕೈಗೆ ಬಂದಿರುವುದರಿಂದ ಅದನ್ನು ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಊಟದ ಪಂಕ್ತಿಯಲ್ಲಿ ಇದಕ್ಕೆ ಕೈಯ ಭಾಷೆಯೂ ಉಂಟು. ನಮ್ಮ ತಂದೆ ಮದುವೆಮನೆಗಳಲ್ಲಿ ಪಾಯಸದ ಬಕೆಟ್ಟು ಹತ್ತಿರ ಬಂದ ಕೂಡಲೇ ಎಲೆಗೆ ಅಡ್ಡಲಾಗಿ ಕೈ ಹಿಡಿದು, ‘ಬೇಡ, ಬೇಡ, ಖಂಡಿತ ಬೇಡ’ ಎಂದು ಇಡೀ ಛತ್ರಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು. ಬೆರಳುಗಳನ್ನು ಮಾತ್ರ ಅಗಲವಾಗಿ ಬಿಡಿಸಿರುತ್ತಿದ್ದರು. ನುರಿತ ಬಡಿಸುವವರು ಬಾಯಿಯ ಕಡೆ ಕಿವಿ ಕೊಡದೆ ಬೆರಳುಗಳನ್ನು ನೋಡುತ್ತಿದ್ದರು. ಕೂಡಿದ್ದರೆ ಮುಂದಿನ ಎಲೆಗೆ ಹೋಗುತ್ತಿದ್ದರು, ಬಿಡಿಸಿದ್ದರೆ ಆ ಸಂದಿಯಲ್ಲೇ ಪಾಯಸ ಸುರಿಯುತ್ತಿದ್ದರು. ತಂದೆ ‘ಛೆ ಛೆ, ಎಂಥ ಕೆಲಸ ಮಾಡಿಬಿಟ್ರಿ’ ಎಂದು ಬೈದು, ಎರಡನ್ನೂ ಮುಗಿಸುತ್ತಿದ್ದರು. ಎಲೆಯ ಮೇಲಿನದನ್ನೂ, ಬೆರಳಿನ ಮೇಲಿನದನ್ನೂ.

ಈ ಸಂಸ್ಕಾರವನ್ನು ಹೊತ್ತುಕೊಂಡೇ ನಾನು ಸಿಡ್ನಿಗೆ ಬಂದಿದ್ದು. ಬ್ಲ್ಯಾಕ್‌ಟೌನಿನಲ್ಲಿ ಮನೆ, ನಾರ್ತ್ ಸಿಡ್ನಿಯಲ್ಲಿ ಆಫೀಸು. ನನ್ನ ಕೆಲಸವೇನೆಂದರೆ, ಕಂಪ್ಯೂಟರ್ ವ್ಯವಸ್ಥೆ ಮಾಡಿಸಿಕೊಳ್ಳಲು ಬರುವ ಗಿರಾಕಿಗಳನ್ನು ಕೂರಿಸಿಕೊಂಡು ‘ನಿಮಗೆ ನಿಜವಾಗಿ ಬೇಕಾಗಿರುವುದು ಏನು’ ಎಂದು ಬಗೆಬಗೆಯಾಗಿ ಕೇಳಿ ಹೊರತೆಗೆಯುವುದು. ತನಗೆ ಬೇಕಾದ್ದನ್ನು ಹುಟ್ಟಿನಿಂದ ಬಾಯಿಬಿಟ್ಟು ಹೇಳದವನಿಗೆ ಈ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂದು ನನ್ನ ಹೆಂಡತಿ ಶೈಲಾ ಕಂಡಕಂಡವರ ಹತ್ತಿರ ಹೇಳಿಕೊಂಡು ನಗುತ್ತಾಳೆ.

ಹೋದ ವರ್ಷ ತುತ್ತು ನುಂಗಿದರೆ ಎದೆಯ ನಡುವೆ ಸಿಕ್ಕಿಕೊಳ್ಳತೊಡಗಿತು. ಮೊದಲು ಸಿಕ್ಕಿಕೊಂಡಿದ್ದು ಚಪಾತಿ. ಅದು ಚಪಾತಿಯ ದೋಷವೆಂದು ನಾನು ತೀರ್ಮಾನಿಸಿದೆ, ಮಾಡಿದವಳ ಎದುರಿಗೇ ಹೇಳಿಯೂಬಿಟ್ಟೆ. ಆಮೇಲೆ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ದೋಷ ಚಪಾತಿಯದಲ್ಲ, ಅನ್ನನಾಳದಲ್ಲಿ ಕ್ಯಾನ್ಸರ್ ಇದೆ ಎಂದರು. ಶೈಲಾ ಅತ್ತಳು. ನಾನೂ ಅತ್ತೆ. ಅಳುವಿನ ಮಧ್ಯೆಯೇ ಅವಳು, ‘ನನ್ನ ಚಪಾತೀನ ಅಂದ್ರಲ್ಲಾ’ ಎಂದಳು.

ಕೀಮೋ ಮುಗಿದ ಮೇಲೆ ಆಪರೇಷನ್ನು. ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು: ಅನ್ನನಾಳದ ಬಹುಭಾಗ ತೆಗೆಯುವುದು, ಹೊಟ್ಟೆಯನ್ನೇ ಕೊಳವೆಯ ಹಾಗೆ ಹೊಲಿದು ಮೇಲಕ್ಕೆಳೆದು ಎದೆಯೊಳಗೆ ಜೋಡಿಸುವುದು. ಅಂದರೆ ಇನ್ನು ಮೇಲೆ ನನ್ನ ಹೊಟ್ಟೆ ಎದೆಯಲ್ಲಿ. ಹೊಟ್ಟೆಕಿಚ್ಚಿಗೂ ಎದೆಯುರಿಗೂ ಒಂದೇ ವಿಳಾಸವಾಯಿತಲ್ಲ ಎಂದು ನಾನು ತಮಾಷೆ ಮಾಡಿದೆ. ಅದನ್ನು ಇಂಗ್ಲಿಷಿಗೆ ತರಲು ಹೋದಾಗ, ಸರ್ಜನ್ನಿಗೆ ನನಗೆ ಹಳೆಯ ಆಸಿಡಿಟಿ ಇದೆ ಎಂದು ಅರ್ಥವಾಗಿ, ಇನ್ನೊಂದು ಮಾತ್ರೆ ಬರೆದುಕೊಟ್ಟರು. ನಿಜ ಹೇಳುತ್ತೇನೆ, ತಮಾಷೆ ಮಾಡಿದ್ದು ಭಯಕ್ಕೆ.

ಆಪರೇಷನ್ ಆಯಿತು. ಮೊದಲ ಕೆಲವು ದಿನ ಬೆನ್ನಿಗೆ ಚುಚ್ಚಿದ್ದ ಸಣ್ಣ ನಳಿಕೆಯ ಔಷಧಿ ನೋವನ್ನು ನೋಡಿಕೊಂಡಿತು. ಅದನ್ನು ತೆಗೆದ ಮೇಲೆ, ಬೇಕೆಂದಾಗ ಕೇಳಿ ಔಷಧಿ ತೆಗೆದುಕೊಳ್ಳುವ ವ್ಯವಸ್ಥೆ. ನನ್ನ ಗ್ರಹಚಾರ ಶುರುವಾಗಿದ್ದು ಇಲ್ಲಿಂದ. ಹೊಟ್ಟೆಯ ಮೇಲೊಂದು ಗಾಯ, ಪಕ್ಕೆಲುಬುಗಳ ಮಧ್ಯೆ ಒಂದು ಗಾಯ. ಉಸಿರೆಳೆದರೆ ಪಕ್ಕೆಯಲ್ಲಿ ಯಾರೋ ತುಕ್ಕು ಹಿಡಿದ ಗೇಟು ತೆಗೆದ ಹಾಗಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಕೈಲಿ ಎಂಬ ಹೆಸರಿನ ನರ್ಸ್ ಬಂದು, ‘ಹೌ ಈಸ್ ದ ಪೇನ್, ಲವ್? ನೋವಿಗೆ ಏನಾದ್ರೂ ಕೊಡ್ಲಾ?’ ಎಂದು ಇಂಗ್ಲಿಷಿನಲ್ಲಿ ಅಕ್ಕರೆಯಿಂದ ಕೇಳಿದಳು.

‘ನೋ ನೋ, ಐ ಆಮ್ ಫೈನ್’ ಎಂದೆ.

‘ನೋ ವರೀಸ್’ ಎಂದು ಹೊರಟೇಹೋದಳು.

ನಾನು ಎರಡನೆಯ ಸುತ್ತಿಗೆ ಕಾಯುತ್ತಾ ಮಲಗಿದೆ. ಈಗ ಬಾಗಿಲ ಹತ್ತಿರ ತಿರುಗುತ್ತಾಳೆ, ‘ಅಯ್ಯೋ, ಹಾಗಂದ್ರೆ ಹೇಗೆ, ಸ್ವಲ್ಪನಾದ್ರೂ ತಗೊಳ್ಳಿ’ ಎನ್ನುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ಪಕ್ಕದ ಹಾಸಿಗೆಯ ಗ್ರೀಕ್ ಮುದುಕರು ಕೇಳುವುದಕ್ಕೆ ಮುಂಚೆಯೇ ‘ಯೆಸ್, ಯೆಸ್, ಗಿವ್’ ಎಂದು ಔಷಧಿ ಕುಡಿದು ಗೊರಕೆ ಹೊಡೆಯಲಾರಂಭಿಸಿದರು. ಎಂಥ ಸಂಕೋಚವಿಲ್ಲದ ಮನುಷ್ಯ ಎಂದು ಹಲ್ಲು ಕಚ್ಚಿಕೊಂಡು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಉಸಿರಾಟ, ನಡಿಗೆಯ ಅಭ್ಯಾಸ ಮಾಡಿಸುವ ಫಿಸಿಯೊ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹುಡುಗ. ಸುತ್ತಿದ ಟವೆಲ್ಲನ್ನು ನನ್ನ ಎದೆಗೆ ಒತ್ತಿ ಹಿಡಿಸಿ, ‘ಈಗ ಜೋರಾಗಿ ಕೆಮ್ಮಿ’ ಎಂದ. ನಾನು ಕೆಮ್ಮಿದೆ. ಹುಡುಗಿ ನೋಡಲು ಹೋದಾಗ ಭಾವೀ ಮಾವನವರ ಮುಂದೆ ಗಂಟಲು ಸರಿಮಾಡಿಕೊಂಡಿದ್ದೆನಲ್ಲ, ಅಷ್ಟು ಬಂತು. ಅವನ ಮುಖ ಗಂಭೀರವಾಯಿತು. ಹೀಗೆ ಕೆಮ್ಮಿದರೆ ಕಫ ಒಳಗೇ ಉಳಿದು ನ್ಯುಮೋನಿಯಾ ಆಗುತ್ತದೆ, ಅದು ಆಪರೇಷನ್ನಿಗಿಂತ ಕೆಟ್ಟದ್ದು ಎಂದು ವಿವರಿಸಿ, ‘ನೋವಿಗೆ ಏನೂ ತಗೊಂಡಿಲ್ವಾ?’ ಎಂದು ಕೇಳಿದ.

‘ಇಲ್ಲ, ಬೇಡ ಅಂದೆ.’

‘ಯಾಕೆ?’

‘ಅವರು ಒಂದೇ ಸಲ ಕೇಳಿದ್ರು.’

ಅವನಿಗೆ ತಲೆಬುಡ ತಿಳಿಯಲಿಲ್ಲ. ಅದೇ ಹೊತ್ತಿಗೆ ಒಳಗೆ ಬಂದ ಶೈಲಾಗೆ ಪೂರ್ತಿ ತಿಳಿಯಿತು. ‘ಇಲ್ಲೂ ಶುರು ಹಚ್ಕೊಂಡ್ರಾ? ಇದೇನು ನಿಮ್ಮ ಸೋದರತ್ತೆ ಮನೆನಾ?’ ಎಂದು ನನಗೆ ಸಹಸ್ರನಾಮ ಮಾಡಿ, ಕೈಲಿಯನ್ನು ಕರೆದು, ‘ನೋಡಮ್ಮಾ, ಇವ್ರು ನೋ ಅಂದ್ರೆ ಅದು ನೋ ಅಲ್ಲ, ಇನ್ನೆರಡು ಸಲ ಕೇಳು’ ಎಂದು ಇಂಗ್ಲಿಷಿನಲ್ಲಿ ಪಾಠ ಹೇಳಿದಳು. ಕೈಲಿಗೆ ಇದು ಬಹಳ ಹಿಡಿಸಿತು. ನನ್ನ ತಲೆಯ ಮೇಲಿನ ಬಿಳಿ ಬೋರ್ಡಿನಲ್ಲಿ ‘ಮೂರು ಸಲ ಕೇಳಿ’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲೊಂದು ನಗುಮುಖವನ್ನೂ ಬಿಡಿಸಿದಳು.

ಅಂದಿನಿಂದ ಔಷಧಿ ಹೊತ್ತುಹೊತ್ತಿಗೆ ಸಿಕ್ಕಿತು, ಕೆಮ್ಮೂ ಗಂಡಸಿನ ಕೆಮ್ಮಿನ ಹಾಗೆ ಬಂತು. ಆದರೆ ಬೋರ್ಡನ್ನು ಎಲ್ಲರೂ ಓದುತ್ತಿದ್ದರು. ನೆಲ ಒರೆಸುವಾಕೆ ‘ಪರದೆ ಎಳೀಲಾ?’ ಎಂದು ಮೂರು ಸಲ ಕೇಳಿದಳು. ವಿರೇಚಕದ ಲೋಟ ತಂದ ಹೊಸ ನರ್ಸಿಗೆ ನಾನು ನಿಜವಾಗಿಯೂ, ಮನಃಪೂರ್ವಕವಾಗಿ, ಅದರ ಅಗತ್ಯ ತೀರಿದೆ ಎಂದೇ ಬೇಡವೆಂದೆ. ಆತ ಬೋರ್ಡು ನೋಡಿ ನಕ್ಕು, ಮತ್ತೆರಡು ಸಲ ಕೇಳಿ, ಕೊನೆಗೆ ನನ್ನ ಸಂಕೋಚಕ್ಕೆ ಮರುಗಿ ಕುಡಿಸಿಯೇಬಿಟ್ಟ. ಮರುದಿನ ನಡಿಗೆಯ ಅಭ್ಯಾಸದಲ್ಲಿ ನಾನು ತೋರಿಸಿದ ವೇಗವನ್ನು ಫಿಸಿಯೊ ಬಾಯ್ತುಂಬ ಹೊಗಳಿದ.

ಮನೆಗೆ ಬಂದೆ. ಇಳಿಜಾರಾದ ದಿಂಬು, ಸಣ್ಣ ತಟ್ಟೆ, ಸಣ್ಣ ಚಮಚ. ಪಕ್ಕೆಯಲ್ಲೊಂದು ಟ್ಯೂಬು, ಅದರ ಮೂಲಕ ನೇರವಾಗಿ ಕರುಳಿಗೆ ಹಾಲಿನಂಥ ಆಹಾರ. ಬಾಯಿಂದ ಸಾಕಷ್ಟು ತಿಂದು ತೂಕ ನಿಂತರೆ ಟ್ಯೂಬು ತೆಗೆಯುತ್ತೇವೆ ಎಂದು ಡಯೆಟಿಷಿಯನ್ ಹೇಳಿದ್ದರು. ತೊಂದರೆಯೆಂದರೆ, ನನಗೆ ಹಸಿವೇ ಆಗುತ್ತಿರಲಿಲ್ಲ. ಹೊಟ್ಟೆ ಮನೆ ಬದಲಾಯಿಸುವಾಗ ಹಸಿವನ್ನು ಹಳೆಯ ಮನೆಯಲ್ಲೇ ಬಿಟ್ಟು ಬಂದಿತ್ತು. ಗಡಿಯಾರ ನೋಡಿ ತಿನ್ನುತ್ತಿದ್ದೆ, ಔಷಧಿ ನುಂಗಿದ ಹಾಗೆ. ನೋವು ದಿನೇದಿನೇ ಕಡಿಮೆಯಾಗುತ್ತಿತ್ತು, ಅದಕ್ಕೆ ಮಾತ್ರೆಯಿತ್ತು. ಹಸಿವು ಬರಿಸುವ ಮಾತ್ರೆ ಇರಲಿಲ್ಲ. ಇನ್ನು ಯಾವತ್ತೂ ಒಂದು ತುತ್ತನ್ನು ಆಸೆಯಿಂದ ತಿನ್ನಲಾರೆನೇನೋ ಎಂಬ ಭಯ ಕ್ಯಾನ್ಸರಿನ ಭಯಕ್ಕಿಂತ ಹೆಚ್ಚಾಗಿ ಕಾಡುತ್ತಿತ್ತು. ಶೈಲಾಗೆ ಹೇಳಲಿಲ್ಲ. ಅವಳಿಗೂ ಅದೇ ಭಯವೆಂದು ಅವಳು ಚಮಚ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಆಗ ಮೆಲ್ಬರ್ನಿನಿಂದ ನನ್ನ ಅಕ್ಕ ಸರೋಜ ಫೋನು ಮಾಡಿ, ‘ರಘೂನ ನನ್ನ ಹತ್ರ ಕಳಿಸು ಶೈಲಾ, ಹೇಗೆ ತಿನ್ನಲ್ಲ ನೋಡ್ತೀನಿ’ ಎಂದಳು. ಶೈಲಾಳ ರಜೆ ಮುಗಿದಿತ್ತು, ಡಾಕ್ಟರು ವಿಮಾನಕ್ಕೆ ಒಪ್ಪಿದ್ದರು. ಡ್ಯಾಂಡಿನಾಂಗಿನ ಹತ್ತಿರ ಅಕ್ಕನ ಮನೆ. ಅಲ್ಲಿನ ಅಂಗಡಿಗಳಲ್ಲಿ ನುಗ್ಗೆಕಾಯಿಯಿಂದ ಬಾಳೆಎಲೆಯವರೆಗೆ ಸಿಗದ ಪದಾರ್ಥವಿಲ್ಲ, ಅಕ್ಕ ಅವೆಲ್ಲವನ್ನೂ ತಂದಿಟ್ಟುಕೊಂಡಿದ್ದಳು. ಬಾಳೆಎಲೆಯ ಮೇಲೆ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ.

‘ಅಕ್ಕಾ, ಬೇಡ.’

‘ಒಂದೇ ಒಂದು.’

‘ಬೇಡಕ್ಕಾ, ಜಾಗ ಇಲ್ಲ.’

‘ಜಾಗ ಇಲ್ಲ ಅಂದ್ರೇನೋ? ಹೊಟ್ಟೆ ಪೂರ್ತಿ ತೆಗೆದಿಲ್ವಲ್ಲ, ಇನ್ನೂ ಸ್ವಲ್ಪ ಇದೆಯಂತಲ್ಲ.’

ನಾನು ಮೂರನೆಯ ಬೇಡ ಹೇಳಿದೆ. ನಾಲ್ಕನೆಯದನ್ನೂ ಹೇಳಿದೆ. ಅದಕ್ಕಿಂತ ಮುಂದಿನವನ್ನು ನಮ್ಮ ವಂಶದಲ್ಲೇ ಯಾರೂ ಹೇಳಿರಲಿಕ್ಕಿಲ್ಲ. ಅಕ್ಕ ಬೇಡ ಎಂಬ ಶಬ್ದವನ್ನು ಉಪ್ಪಿನಕಾಯಿಯ ಹಾಗೆ ಪಕ್ಕಕ್ಕಿಟ್ಟುಕೊಂಡು ಬಡಿಸಿದಳು. ‘ಇಷ್ಟು ದೂರ ಬಂದು ನನ್ನ ಮನಸ್ಸು ನೋಯಿಸ್ತೀಯಾ?’ ಎಂದ ಮೇಲೆ ತಿಂದೆ.

ಈ ಆಪರೇಷನ್ ಆದವರು ಸಿಹಿಯನ್ನು ಒಮ್ಮೆಲೇ ತಿಂದರೆ ಅದು ಎಲ್ಲೂ ತಂಗದೆ ಕರುಳಿಗೆ ಧುಮುಕುತ್ತದೆ. ಎದೆ ಢವಢವ, ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ಸೋಫಾದ ಮೇಲೆ ಒರಗಿಕೊಂಡೆ. ಅಕ್ಕ ಗಾಬರಿಯಾಗಿ, ಇದು ದೃಷ್ಟಿಯೇ ಎಂದು ನಿರ್ಧರಿಸಿ, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಕಾದ ಬಾಣಲೆಗೆ ಹಾಕಿದಳು. ಘಾಟು ಎದ್ದಿತು. ಹೊಗೆಯ ಅಲಾರಂ ಕಿರುಚಿಕೊಂಡಿತು. ಭಾವ ಕುರ್ಚಿ ಹತ್ತಿ ಪಂಚೆ ಎತ್ತಿ ಕಟ್ಟಿಕೊಂಡು ಟವೆಲ್ಲಿನಿಂದ ಅಲಾರಮ್ಮಿಗೆ ಗಾಳಿ ಹಾಕತೊಡಗಿದರು. ನಾನು ದಿಂಬನ್ನು ಎದೆಗೆ ಒತ್ತಿಕೊಂಡು ಎಂಥ ಕೆಮ್ಮು ಕೆಮ್ಮಿದೆನೆಂದರೆ, ಆ ಎತ್ತರದ ಫಿಸಿಯೊ ಹುಡುಗ ಅಲ್ಲಿರಬೇಕಿತ್ತು.

ಎಲ್ಲ ಶಾಂತವಾದ ಮೇಲೆ ಅಕ್ಕ ನನ್ನ ಕಾಲ ಬಳಿ ಕೂತು ಕಣ್ಣೊರೆಸಿಕೊಂಡು, ‘ತಪ್ಪಾಯ್ತು ಕಣೋ ರಘು, ಹೊಟ್ಟೆಗೆ ಹಾಕ್ಕೋ’ ಎಂದಳು.

‘ಅಕ್ಕಾ, ಅದಕ್ಕೂ ಜಾಗ ಇಲ್ಲ’ ಎಂದೆ.

ಭಾವ ಕುರ್ಚಿಯ ಮೇಲಿಂದಲೇ ನಗತೊಡಗಿದರು. ಅಕ್ಕನೂ ನಕ್ಕಳು. ನಾನು ನಗುವಾಗ ಪಕ್ಕೆಯ ಗೇಟು ಇನ್ನೊಂದು ಸಲ ಕಿರುಗುಟ್ಟಿತು, ಆದರೂ ನಕ್ಕೆ.

ಸುದ್ದಿ ತಿಳಿದ ಶೈಲಾ ಫೋನಿನಲ್ಲೇ ಹೊಸ ಕಾನೂನು ಜಾರಿ ಮಾಡಿದಳು: ಇನ್ನು ಮೇಲೆ ಇವರ ವಿಷಯದಲ್ಲಿ ಒಂದು ಬೇಡ ಎಂದರೆ ಬೇಡ. ಯಾರೂ ಎರಡನೆಯ ಸಲ ಕೇಳಕೂಡದು. ಅಕ್ಕ ದೇವರ ಮುಂದೆ ಆಣೆ ಮಾಡಿದಳು. ನಾನು ಸಿಡ್ನಿಗೆ ಮರಳಿದ ಮೇಲೂ ಕಾನೂನು ಕಟ್ಟುನಿಟ್ಟಾಗಿ ನಡೆಯಿತು. ಕೊನೆಗೂ ನನ್ನ ಮಾತಿಗೆ ಬೆಲೆ ಬಂತೆಂದು ಹೆಮ್ಮೆಪಟ್ಟೆ.

ಒಂದು ಭಾನುವಾರ ಮಧ್ಯಾಹ್ನ. ಶೈಲಾ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯಿತು, ಇಂಗು ಕರಿಬೇವಿನ ವಾಸನೆ ನಡುಮನೆಯವರೆಗೂ ಬಂತು. ನನ್ನ ಎದೆಯ ನಡುವೆ ಏನೋ ಒಂದು ಹಿಂಡಿದ ಹಾಗಾಯಿತು. ನೋವೆಂದುಕೊಂಡು ಮಾತ್ರೆಯ ಡಬ್ಬಿಗೆ ಕೈ ಹಾಕಿದೆ. ಮತ್ತೆ ಹಿಂಡಿತು, ಬಾಯಲ್ಲಿ ನೀರೂರಿತು. ಹಾಗೇ ಕೂತೆ. ಅದು ನೋವಲ್ಲ. ಹಸಿವು ಹೊಸ ಮನೆಯನ್ನು ಹುಡುಕಿಕೊಂಡು ಬಂದಿತ್ತು.

‘ರೀ, ಸಾರನ್ನ ಒಂಚೂರು ಹಾಕ್ಲಾ?’ ಎಂದು ಶೈಲಾ ಕೇಳಿದಳು.

‘ಬೇಡ’ ಎಂದಿತು ನನ್ನ ಬಾಯಿ.

‘ಸರಿ’ ಎಂದು ಅವಳು ತನಗೂ ಮಗಳು ಅನುವಿಗೂ ಬಡಿಸಿಕೊಂಡು ಕೂತಳು.

ನಾನು ಕಾದೆ. ಎರಡನೆಯ ಸಲ ಯಾರೂ ಕೇಳಲಿಲ್ಲ. ಅವಳು ಅನ್ನ ಕಲಸಿದಳು, ತುಪ್ಪ ಹಾಕಿಕೊಂಡಳು, ಸೊರ್ ಎಂದು ಸಾರು ಕುಡಿದಳು. ಇಷ್ಟು ಕ್ರೂರವಾದ ಕಾನೂನುಪಾಲನೆಯನ್ನು ನಾನು ನೋಡಿರಲಿಲ್ಲ.

‘ಅಪ್ಪಾ, ಯೂ ಆರ್ ಸ್ಟೇರಿಂಗ್ ಅಟ್ ಮೈ ಪ್ಲೇಟ್’ ಎಂದಳು ಅನು.

‘ಬೇಕು’ ಎಂದೆ.

ಶೈಲಾ ದಡಬಡಿಸಿ ಎದ್ದು ಮಾತ್ರೆಯ ಡಬ್ಬಿ ತಂದಳು. ‘ನೋವಾ? ಎಲ್ಲಿ? ಪಕ್ಕೆನಾ?’

‘ಅಲ್ಲ ಕಣೇ. ಸಾರನ್ನ. ಹಸಿವಾಗ್ತಿದೆ.’

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು, ‘ಒಗ್ಗರಣೆ ಘಾಟು’ ಎಂದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಸಣ್ಣ ಬಟ್ಟಲಿನಲ್ಲಿ ನಾಲ್ಕು ಚಮಚ ಸಾರನ್ನ ಕಲಸಿ ತಂದಿಟ್ಟಳು. ನಿಧಾನವಾಗಿ, ಅಗಿದು ಅಗಿದು ತಿಂದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾನು ಬಟ್ಟಲು ಕೆರೆಯುವ ಸದ್ದಿಗೆ ಅನು ಫೋನಿನಿಂದ ತಲೆಯೆತ್ತಿ ನಕ್ಕಳು.

ಶೈಲಾ ಸೌಟು ಹಿಡಿದು ಬಂದು, ತನ್ನ ಕಾನೂನನ್ನು ತಾನೇ ಮುರಿದು, ‘ಇನ್ನೊಂಚೂರು?’ ಎಂದಳು.

ಹೋಳಿಗೆಯ ನೆನಪಿತ್ತು. ಡಯೆಟಿಷಿಯನ್ನರ ಎಚ್ಚರಿಕೆಯೂ ನೆನಪಿತ್ತು. ಇಷ್ಟೆಲ್ಲ ಅನುಭವಿಸಿದ ಮೇಲಾದರೂ ಮನುಷ್ಯನ ಮಾತು ಮನಸ್ಸು ಒಂದಾಗಬೇಕು ಎಂದುಕೊಂಡು ಬಟ್ಟಲಿಗೆ ಅಡ್ಡ ಕೈ ಹಿಡಿದು, ‘ಬೇಡ, ಬೇಡ, ಖಂಡಿತ ಬೇಡ’ ಎಂದೆ.

ಅವಳು ಸೌಟನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಬಡಿಸಲೂ ಇಲ್ಲ. ಸುಮ್ಮನೆ ನನ್ನ ಕೈಯನ್ನೇ ನೋಡುತ್ತಾ ನಿಂತಳು. ಏನಿದೆ ಅಂಥದ್ದು ಎಂದು ನಾನೂ ನೋಡಿಕೊಂಡೆ. ಐದು ಬೆರಳೂ ಅಗಲವಾಗಿ ಬಿಡಿಸಿಕೊಂಡಿದ್ದವು.