ಪಾಸಾದ ಬಾವಿ

ಡಂಪಿಂಗ್ ಯಾರ್ಡಿನ ಕೆಳಗೆ ಮನೆ ಇದ್ದವರಿಗೆ ಹೊಟ್ಟೆ ಉರಿಯುವ ಸಂಗತಿಗಳ ಜೊತೆಗೇ ನಗು ಬರುವ ಸಂಗತಿಗಳೂ ಆಗುತ್ತಲೇ ಇರುತ್ತವೆ. ಇಲ್ಲಿರುವ ಮೂರರಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಆ ಯಾರ್ಡಿನ ಕಾವಲಿನವರು. ಉಳಿದದ್ದು ನನಗೇ ಆದದ್ದು. ಊರಿನ ಹೆಸರು ಬೇಡ. ಪುತ್ತೂರು, ಸುಳ್ಯ, ಕಡಬ, ಈ ಮೂರರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ.

ವಿಷಯ ಇಷ್ಟೆ. ಗುಡ್ಡೆಯ ಮೇಲೆ ಪೇಟೆಯ ಕಸ, ಕೆಳಗೆ ನಮ್ಮ ಬಾವಿ. ಕಸದಿಂದ ಇಳಿಯುವ ಕಪ್ಪು ನೀರು ಒಸರಿ ಒಸರಿ ಬಾವಿಯ ನೀರು ಚಹಾದ ಬಣ್ಣಕ್ಕೆ ಬಂತು. ನೆರೆಕರೆಯವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಪರೀಕ್ಷೆಯಲ್ಲಿ ನೀರು ಹಾಳೆಂದು ಬಂದರೆ ಕಪ್ಪು ನೀರಿಗೆ ತಡೆ ಕಟ್ಟುತ್ತಾರೆ, ನಮಗೆ ನಳ್ಳಿ ನೀರು ಕೊಡುತ್ತಾರೆ. ಒಳ್ಳೆಯದೆಂದು ಬಂದರೆ ಏನೂ ಇಲ್ಲ.

ಊದುಬತ್ತಿ

ಮಾಲಿನ್ಯ ಪರೀಕ್ಷೆಯ ಆಫೀಸರು ಬರುವ ದಿನ ಕಾವಲಿನವರಿಗೆ ಮೊದಲೇ ಗೊತ್ತಾಗಿತ್ತು. ಪಾಪ, ಒಳ್ಳೆ ಮನುಷ್ಯ. ದೊಡ್ಡವರು ಬರುವಾಗ ಜಾಗ ನಾರಬಾರದೆಂದು ಗೇಟಿನ ಎರಡೂ ಕಡೆ ಒಂದೊಂದು ಕಟ್ಟು ಊದುಬತ್ತಿ ಹಚ್ಚಿಟ್ಟರು. ಆಫೀಸರು ಘಟ್ಟದ ಮೇಲಿನವರು, ಊರಿಗೆ ಹೊಸಬರು. ಜೀಪಿಳಿದವರೇ ಪರಿಮಳಕ್ಕೆ ಕೈಮುಗಿದು, ಶೂ ಬಿಚ್ಚಿಟ್ಟು ಒಳಗೆ ನಡೆದರಂತೆ.

"ಸಾರ್, ಡಂಪಿಂಗ್ ಯಾರ್ಡ್ ಇದೇ," ಎಂದರು ಕಾವಲಿನವರು.

ಆಫೀಸರು ಒಂದು ಕಾಲು ಎತ್ತಿ ಅಡಿ ನೋಡಿಕೊಂಡರು. "ಗೊತ್ತಾಯ್ತು," ಎಂದರಂತೆ.

ಬಾಟಲಿ

ಅದೇ ಕಾಲಲ್ಲಿ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಒಂದು ಬಾಟಲಿ ಇಟ್ಟು, "ಅಮ್ಮಾ, ಇದರಲ್ಲಿ ನಿಮ್ಮ ಬಾವಿ ನೀರು ತುಂಬಿಸಿಡಿ," ಎಂದು ನನ್ನ ಹೆಂಡತಿಗೆ ಹೇಳಿ ಕಾಲು ತೊಳೆಯಲು ಹೋದರು. ನೀರು ಎರೆಯಲು ನಾನೂ ಹೋದೆ. ವಾಪಸು ಬರುವಾಗ ಬಾಟಲಿ ತುಂಬಿತ್ತು; ಪಕ್ಕದಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು. ಅವರು ಬೆಲ್ಲ ತಿಂದು, ನೀರು ಕುಡಿದು, ಬಾಟಲಿಗೆ ಸೀಲು ಹಾಕಿ ಹೊರಟರು.

ರಿಪೋರ್ಟು ಬಂತು: ನೀರು ಕುಡಿಯಲು ಬಹಳ ಯೋಗ್ಯ.

"ನೀವು ದಿನಾ ಮಾಡುವ ಪೂಜೆಯ ಫಲ ಮಾರಾಯ್ರೆ," ಎಂದರು ನೆರೆಮನೆಯವರು. ನಾನೂ ಅರ್ಧ ನಂಬಿದೆ. ಒಂದು ಕೊಡಪಾನ ಸೇದಿ ನೋಡಿದರೆ ಅದೇ ಚಹಾ. ಹೆಂಡತಿಯನ್ನು ಕೇಳಿದೆ.

"ಅವತ್ತು ಬಾಟಲಿಗೆ ಬಾವಿಯ ನೀರೇ ಹಾಕಿದ್ದಲ್ವಾ?"

"ಎಂತ ಮಾತಾಡ್ತೀರಿ? ಬಿಸಿಲಲ್ಲಿ ಬಂದವರಿಗೆ ಕುಡಿಲಿಕ್ಕೆ ಆ ನೀರು ಕೊಡುದಾ? ಅವರು ಬಾವಿ ನೀರು ಅಂತ ದಾಕ್ಷಿಣ್ಯಕ್ಕೆ ಕೇಳಿದ್ದು. ತೋಡಿನ ಆಚೆ ಮನೆಯಿಂದ ನಾವು ಕುಡಿಲಿಕ್ಕೆ ತರುವ ನೀರು ಉಂಟಲ್ಲ, ಅದನ್ನು ಕುದಿಸಿ ಸೋಸಿ ಇಟ್ಟಿದ್ದೆ. ಅದನ್ನೇ ತುಂಬಿಸಿದೆ."

ನಾನು ತಲೆಗೆ ಕೈಯಿಟ್ಟು ಕೂತೆ. ಅವಳಿಗೆ ಹೆದರಿಕೆಯಾಯಿತು.

"ಯಾಕೆ, ಅವರಿಗೆ ಹೊಟ್ಟೆ ಹಾಳಾಯ್ತಾ?"

ಹರಕೆ

ಆಫೀಸಿಗೆ ಹೋಗಿ ಆಫೀಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. "ತಪ್ಪು ಮಾಡಿದವರು ನೀರು ಬದಲಾಯಿಸಿ ಕೊಡೋದು ನೋಡಿದ್ದೀನಿ. ದೂರು ಕೊಟ್ಟವರೇ ಬದಲಾಯಿಸಿದ್ದು ಇದೇ ಮೊದಲು," ಎಂದರು.

ಪುನಃ ಬಂದು, ಈ ಸಲ ತಾವೇ ಸೇದಿ ತುಂಬಿಸಿಕೊಂಡು ಹೋದರು. ಆ ಸಂಜೆ ದೇವರ ಮುಂದೆ ನಿಂತು, ನೀರು ಹಾಳೆಂದು ಬಂದರೆ ಒಂದು ರುದ್ರಾಭಿಷೇಕ ಎಂದು ಹೇಳಿಕೊಂಡೆ. ಹೇಳುವಾಗ ನಾಲಿಗೆ ಎರಡು ಸಲ ತಡವರಿಸಿತು.

ದೇವರು ಕೈಬಿಡಲಿಲ್ಲ. ಕುಡಿಯಲು ಯೋಗ್ಯವಲ್ಲ ಎಂದು ಬಂತು. ನೆರೆಕರೆಗೆಲ್ಲ ಪಾಯಸ. ಗುಡ್ಡೆಯಲ್ಲಿ ತಡೆ ಕಟ್ಟುವ ಕೆಲಸ ಶುರುವಾಯಿತು, ನಳ್ಳಿಗೆ ಪೈಪು ಬಂದು ಬಿತ್ತು.

ನಾನು ಹರಕೆ ತೀರಿಸಲು ದೇವಸ್ಥಾನಕ್ಕೆ ಹೋದೆ. ಭಟ್ಟರು ಸಂಕಲ್ಪಕ್ಕೆ ಕೂತು ಕೇಳಿದರು, "ಯಾವ ಇಷ್ಟಾರ್ಥ ಸಿದ್ಧಿಸಿದ್ದಕ್ಕೆ?"

"ನಮ್ಮ ಬಾವಿಯ ನೀರು ಹಾಳೆಂದು ಬಂದದ್ದಕ್ಕೆ."

ಭಟ್ಟರ ಕೈ ಅಲ್ಲೇ ನಿಂತಿತು. "ಇದನ್ನು ದೇವರಿಗೆ ನಾನು ಹೇಗೆ ಹೇಳುದು ಮಾರಾಯ್ರೆ?"

ಕಥೆಯೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರು ಅಭಿಷೇಕದ ಕೊಡಪಾನದೊಳಗೆ ಬಗ್ಗಿ ನೋಡಿದರು. ದೇವಸ್ಥಾನದ ಬಾವಿ ಇರುವುದು ಅದೇ ಗುಡ್ಡೆಯ ಬುಡದಲ್ಲಿ, ನಮ್ಮದಕ್ಕಿಂತಲೂ ಕೆಳಗೆ.

"ಅಭಿಷೇಕ ನಾಳೆ ಮಾಡುವ, ಬೇರೆ ಕಡೆಯಿಂದ ನೀರು ತರಿಸ್ತೇನೆ," ಎಂದರು. "ಆ ಆಫೀಸರನ್ನು ಒಮ್ಮೆ ಇಲ್ಲಿಗೂ ಕರ್ಕೊಂಡು ಬನ್ನಿ. ನಿಮ್ಮ ಮನೆಯವರನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ."

ನಿಮ್ಮ ಪರಿಚಯದಲ್ಲೂ ಕಸದ ಗುಡ್ಡೆಯ ಕೆಳಗೆ ಬಾವಿ ಇರುವವರು ಇದ್ದರೆ, ದಯವಿಟ್ಟು ಇದನ್ನು ಅವರಿಗೆ ಹೇಳಿ. ಜಗಲಿಯಲ್ಲೇ ಹೇಳಿ ಬರಬೇಡಿ, ಅಡುಗೆಮನೆಯವರೆಗೂ ಮುಟ್ಟಿಸಿ.