ಬರಹವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಕಥೆ

ದಿನಾ ಸ್ವಲ್ಪ ಬರೆಯಬೇಕು ಎಂಬ ಪಾಠಕ್ಕೆ ನಾನು ತೆತ್ತ ಬೆಲೆ: ಮಗಳ ನಿಶ್ಚಯದ ದಿನ ಹಂಚಲು ಇಟ್ಟಿದ್ದ ಸಕ್ಕರೆಯನ್ನು ಮತ್ತೆ ಡಬ್ಬಿಗೆ ಸುರಿಯಬೇಕಾಯಿತು. ಕಾರಣ ಬೇರೆ ಯಾರೂ ಅಲ್ಲ. ಎಲ್ಲದರಲ್ಲೂ ಉಳಿತಾಯ ನೋಡುವ ನನ್ನ ಬುದ್ಧಿ.

ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲ. ಚೀಲ ಹೊಲಿಯುವ ಕೆಲಸದಿಂದ ಶುರು ಮಾಡಿ ಸ್ವಂತ ಅಂಗಡಿ ಹಾಕಿದವನು. ಹೀಗೆ ಮೇಲೆ ಬಂದವರಿಗೆ ಉಪದೇಶದ ಚಟ ಹತ್ತುತ್ತದೆ. ನನ್ನ ಅಂಗಡಿಗೆ ಚಹಾಕ್ಕೆ ಬಂದವರು ನಾನು ಬಾಯಿ ತೆರೆದೊಡನೆ ಚಪ್ಪಲಿ ಹುಡುಕುತ್ತಿದ್ದರು. ಹಾವೇರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನನ್ನ ಮಗಳು ಶೈಲಾ ಇದನ್ನು ನೋಡಿ ನೋಡಿ ನನಗೊಂದು ಬ್ಲಾಗ್ ಮಾಡಿಕೊಟ್ಟಳು.

"ದಿನಾ ಒಂದು ನಾಕ ಸಾಲು ಬರೀರಿ ಅಪ್ಪಾ. ಬರಕೋತ ಹೋದಂಗ ಕೈ ಪಳಗತೈತಿ."

"ದಿನಾ ಯಾಕವಾ? ಮಳಿಗಾಲದಾಗ ಪ್ಯಾಟಿ ತಣ್ಣಗಿರತೈತಿ. ಒಮ್ಮೆಲೆ ಬರದು ಇಟ್ಟಬಿಡತೇನಿ. ಸೋಮವಾರಕ್ಕೊಂದು ಬಿಟ್ರಾತು."

"ಬರಹಕ್ಕ ಕೋಲ್ಡ್ ಸ್ಟೋರೇಜ್ ಇರಂಗಿಲ್ಲರಿ."

"ಅದರಾಗ ವರ್ಷ ಇಟ್ರೂ ಮೆಣಸಿನಕಾಯಿ ಬಣ್ಣ ಹೋಗಂಗಿಲ್ಲ. ಮಾತಿಗೇನ ಧಾಡಿ?"

ಆ ಮಳೆಗಾಲದಲ್ಲಿ ಕೂತು ವರ್ಷಕ್ಕಾಗುವಷ್ಟು ಬರೆದೆ. ಪ್ರತಿ ಸೋಮವಾರ ಬೆಳಿಗ್ಗೆ ಒಂದೊಂದು ತಾನಾಗಿಯೇ ಪ್ರಕಟವಾಗುವಂತೆ ವೇಳೆ ಹೊಂದಿಸಿ, ಬರಹಕ್ಕೂ ನನಗೂ ಇನ್ನು ಸಂಬಂಧವಿಲ್ಲ ಎಂದು ಕೈತೊಳೆದುಕೊಂಡೆ.

ಮೊದಲ ಸೂಚನೆ ಸುಗ್ಗಿಯಲ್ಲಿ ಬಂತು. ಹೊರಗೆ ನೆತ್ತಿ ಸುಡುವ ಬಿಸಿಲು. ನನ್ನ ಬ್ಲಾಗು ಮಾತ್ರ ಅತ್ಯಂತ ಗಾಂಭೀರ್ಯದಿಂದ, "ಇಂದು ಮಳೆ ನಿಲ್ಲುವ ಲಕ್ಷಣವಿಲ್ಲ" ಎಂದು ಸಾರಿತ್ತು. ನನ್ನ ಅಂಗಳದಲ್ಲಿ ಮಾಲು ಹಾಕಿದ್ದ ರೈತನೊಬ್ಬ ಅದನ್ನು ಓದಿ, ಮಾಲಿಗೆ ಹೊದಿಸಲು ಬೈಕಿಗೆ ತಾಡಪತ್ರಿ ಕಟ್ಟಿಕೊಂಡು ಬೆವರು ಸುರಿಸುತ್ತ ಬಂದ.

"ಎಲ್ಲೈತ್ರಿ ಮಳಿ?"

"ಬರಹ ಹಳೇದೋ ತಮ್ಮಾ," ಎಂದೆ. ಅವನು ತಾಡಪತ್ರಿಯನ್ನೂ ನನ್ನನ್ನೂ ಒಂದೇ ರೀತಿ ನೋಡಿ ಹೋದ. ಆಗಲಾದರೂ ಒಳಗೆ ಉಳಿದದ್ದೇನು ಎಂದು ತೆಗೆದು ನೋಡಬೇಕಿತ್ತು. ನೋಡಲಿಲ್ಲ.

ಅಷ್ಟರಲ್ಲಿ ಶೈಲಾ ತನ್ನ ಶಾಲೆಯಲ್ಲೇ ಗಣಿತ ಕಲಿಸುವ ಹುಡುಗನನ್ನು ಮೆಚ್ಚಿದ್ದಳು. ಅವನ ತಂದೆ ಬಸವಣ್ಣೆಪ್ಪನವರಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ನನಗೆ ವ್ಯಾಪಾರದಲ್ಲಿ ಮೊದಲೇ ಪರಿಚಯ. ಎರಡೂ ಮನೆಯವರು ಒಪ್ಪಿ, ಒಂದು ಸೋಮವಾರ ನಮ್ಮಲ್ಲಿ ಸಕ್ಕರೆ ಹಂಚುವುದೆಂದು ನಿಶ್ಚಯವಾಯಿತು. ಬೀಗರ ಕಡೆಯ ಒಬ್ಬರನ್ನೂ ಬಿಡದೆ, ಹೊಸ ಬರಹ ಬಂದೊಡನೆ ಫೋನಿಗೆ ಸೂಚನೆ ಹೋಗುವ ನನ್ನ ಓದುಗರ ಬಳಗಕ್ಕೆ ಸೇರಿಸಿಯೂ ಬಿಟ್ಟೆ.

ಅಂದು ಪಡಸಾಲೆ ತುಂಬಿತ್ತು. ಮೆಣಸಿನ ಘಾಟಿಗೆ ಬಂದವರೆಲ್ಲ ಸೀನುತ್ತಿದ್ದರು. ಸುಗ್ಗಿಯಲ್ಲಿ ನಮ್ಮೂರಿಗೆ ಬರುವ ಯಾರಿಗೂ ಅದೇ ಸ್ವಾಗತ. ಇನ್ನೇನು ಸಕ್ಕರೆ ತಟ್ಟೆ ಹೊರಬರಬೇಕು, ಎಲ್ಲರ ಫೋನುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು.

"ನಂದ ಬರಹ. ಓದ್ರಿ ಅಕ್ಕಾರ, ಎಲ್ಲಾರಿಗೂ ಕೇಳೂಹಂಗ ಓದ್ರಿ," ಎಂದು ಬೀಗರ ತಂಗಿಗೆ ನಾನೇ ಹೇಳಿದೆ.

ಆಕೆ ಓದಿದರು. "ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿಯೊಬ್ಬರಿದ್ದಾರೆ. ಬಂದವರಿಗೆ ಅರ್ಧ ಕಪ್ ಚಹಾ ಕೊಡುತ್ತಾರೆ. ಉಳಿದರ್ಧದಲ್ಲಿ ಅವರ ಸ್ವಭಾವ ತುಂಬಿರುತ್ತದೆ..."

ಮುಂದೆ ಎರಡು ಪುಟ ಇತ್ತು. ದಾರ ಕಟ್ಟಿದ ಕನ್ನಡಕ, ಗಲ್ಲಾಪೆಟ್ಟಿಗೆಯ ಮೇಲಿನ ಗಂಟೆ, ಒಂದನ್ನೂ ನಾನು ಬಿಟ್ಟಿರಲಿಲ್ಲ. ಹೆಸರೊಂದೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಆ ಕನ್ನಡಕ ನನ್ನೆದುರಿಗೇ ಕೂತಿತ್ತು.

"ಅದು ಹಳೇ ಮಾಲು ಬೀಗರ," ಎಂದೆ. "ಆವಾಗ ನೀವು ಬೀಗರಾಗಿರಲಿಲ್ಲ."

"ಮನಷ್ಯಾ ಅಂತೂ ಆಗಿದ್ನೆಲ್ರಿ?" ಎಂದರು ಬಸವಣ್ಣೆಪ್ಪ.

ನನ್ನ ಹೆಂಡತಿ ಒಳಬಾಗಿಲಿನಿಂದ, "ಮನಿಗೆ ಬೆಂಕಿ ಹಚ್ಚಾಕ ವ್ಯಾಳ್ಯಾ ಬ್ಯಾರೆ ಹೊಂದಿಸಿ ಇಟ್ಟೀರಲ್ಲ," ಎಂದಳು, ಮೆಲ್ಲಗೆ. ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ.

ಬೀಗರು ಸಿಟ್ಟು ಮಾಡಲಿಲ್ಲ. "ಅದು ಅವತ್ತಿಂದು ಅಂತೀರಿ. ಹಂಗಾದ್ರ ಇವತ್ತಿಂದು ಬರೀರಿ. ಎದುರಿಗೇ ಕುಂತೇನಿ."

ನಾನು ಫೋನ್ ಹಿಡಿದು ಕೂತೆ. ತಿಂಗಳುಗಟ್ಟಲೆ ಒಂದಕ್ಷರ ಬರೆಯದ ಕೈ. ನೋಡಿದ್ದನ್ನು ಹೇಳಲು ಒಂದು ಪದವೂ ಬರಲಿಲ್ಲ. ಕೊನೆಗೆ, ಮಾಲು ಎಷ್ಟೇ ಚೆನ್ನಾಗಿರಲಿ ನಮ್ಮ ಪೇಟೆಯಲ್ಲಿ ಯಾವ ದಲಾಲನೂ ದಾಟದ ಆ ಒಂದು ಮಾತನ್ನು ಬರೆದೆ: "ಅಡ್ಡಿಯಿಲ್ಲ."

"ಬೈಯಾಕ ಎರಡು ಪುಟ, ಹೊಗಳಾಕ ಒಂದ ಶಬ್ದ," ಎಂದರು ಬೀಗರು.

ಶೈಲಾ ತಟ್ಟೆ ಹಿಡಿದೇ ನಿಂತಿದ್ದಳು. "ನನಗೂ ಅಷ್ಟರೀ ಮಾವಾರ. ನಾ ಶಾಲಿಗೇ ಮೊದಲನೇಕಿ ಬಂದಾಗೂ ಅಪ್ಪ ಅಷ್ಟ ಅಂದಿದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಪರವಾಗಿಯೇ ಮಾತಾಡಿದ್ದಳು.

ಬೀಗರು ಎದ್ದರು. "ಸಕ್ಕರಿ ಇವತ್ತ ಬ್ಯಾಡ. ಸಂಬಂಧ ಮುರದೇನಿ ಅನ್ನಂಗಿಲ್ಲ. ದಿನಾ ಬರೀರಿ, ಅವತ್ತಿಂದು ಅವತ್ತ. ನಾ ಓದತೇನಿ. ಆಮ್ಯಾಲ ನೋಡೂಣು." ವಾರಕ್ಕೊಂದು ಸಾಕೇ ಎಂದು ಕೇಳಬೇಕೆನಿಸಿತು. ಹೆಂಡತಿಯ ಮುಖ ನೋಡಿ, ಜೀವನದಲ್ಲಿ ಮೊದಲ ಸಲ ಚೌಕಾಶಿ ಮಾಡದೆ ಒಪ್ಪಿಕೊಂಡೆ.

ಕೂಡಿಟ್ಟಿದ್ದ ಹಳೆಯದನ್ನೆಲ್ಲ ಅಂದೇ ಅಳಿಸಿದೆ. ಮಾರನೆಯ ದಿನದಿಂದ ಶುರು. ಸಾಲು ಬರೆಯುವುದು, ಅಳಿಸುವುದು. ಪ್ರತಿಯೊಂದಕ್ಕೂ ರಾಣೆಬೆನ್ನೂರಿನಿಂದ ಉತ್ತರ ಬರುತ್ತಿತ್ತು. "ಉಪ್ಪಿಲ್ಲ." "ಇದು ನಿನ್ನೀದು ಅನಸತೈತಿ." "ಉಪದೇಶ ತಗೀರಿ, ಅರ್ಧ ಉಳೀತೈತಿ." ತೆಗೆದರೆ ಕಾಲುಭಾಗ ಉಳಿಯುತ್ತಿತ್ತು. ಹಮಾಲರ ಜಗಳ ಬರೆದೆ, ರೈಲ್ವೆ ಸ್ಟೇಷನ್ನಿನ ಬೆಂಚು ಬರೆದೆ. ಒಂದು ದಿನ ಬರೆಯಲು ಏನೂ ಸಿಗದೆ, ಬಸ್ಸು ಹತ್ತಿ ಬೀಗರ ಅಂಗಡಿಗೇ ಹೋಗಿ ಕೂತೆ.

ಚಹಾ ಬಂತು. ಕಿಟ್ಲಿಯಿಂದ ಅವರೇ ಬಗ್ಗಿಸಿದರು. ಎಷ್ಟೋ ಸಲ ಅದೇ ಕುರ್ಚಿಯಲ್ಲಿ ಕೂತು ನಾನು ನೋಡಿದ್ದು ಕಪ್ಪನ್ನು ಮಾತ್ರ. ಅಂದು ಬರೆಯಲು ಏನಾದರೂ ಬೇಕಿತ್ತು, ಅದಕ್ಕೆ ಕೈ ನೋಡಿದೆ. ಕೈ ನಡುಗುತ್ತಿತ್ತು. ಅರ್ಧಕ್ಕಿಂತ ಹೆಚ್ಚು ತುಂಬಿಸಿದರೆ, ನನ್ನ ಕೈಗೆ ಬರುವಷ್ಟರಲ್ಲಿ ಚೆಲ್ಲುತ್ತಿತ್ತು. ಬಂದವರಿಗೆ ತಾವೇ ಕೊಡಬೇಕೆಂಬುದು ಅವರ ಹಟ. ಕುಡಿದಾದ ಮೇಲೆ ಮತ್ತರ್ಧ ಬಗ್ಗಿಸಲು ಕಿಟ್ಲಿ ಎತ್ತಿದರು. ಹಿಂದೆ ನಾನು ಅಷ್ಟು ಹೊತ್ತು ಕೂತಿದ್ದೇ ಇಲ್ಲ.

ಅಲ್ಲೇ ಬರೆದೆ. ಪ್ರಕಟಿಸುವ ಮೊದಲು ಫೋನನ್ನು ಅವರ ಕೈಗೆ ಕೊಟ್ಟು, "ಹಾಕಲೇನ್ರಿ?" ಎಂದೆ.

ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. "ಹಾಕಬ್ಯಾಡ್ರಿ," ಎಂದರು. "ಕೈ ಸುದ್ದಿ ಊರಿಗೆ ಯಾಕ? ಆದ್ರ ನನ್ನ ಫೋನಿಗೆ ಕಳಸ್ರಿ, ಇಟಗೋತೇನಿ. ಮತ್ತ ಶುಕ್ರವಾರ ಶೈಲಾನ್ನ ಕರಕೊಂಡು ಬರ್ರಿ. ಸಕ್ಕರಿ ನಮ್ಮನ್ಯಾಗ ಹಂಚೂಣು."

ನಾನು ಬರೆದದ್ದರಲ್ಲೆಲ್ಲ ಒಳ್ಳೆಯದು ಅದೊಂದೇ. ಅದನ್ನು ಓದಿದವರೂ ಅವರೊಬ್ಬರೇ. ಕೈ ಸುದ್ದಿಯನ್ನು ಇಲ್ಲಿ ಹೇಳಲು ಈಗ ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಈಗ ನಿಮಗೆ ಹೇಳುವುದಿಷ್ಟು. ಬ್ಲಾಗ್ ಶುರು ಮಾಡಿ, ಪುಕ್ಕಟೆ. ಆದರೆ ಕೂಡಿಡಬೇಡಿ, ಅಂದಿನದನ್ನು ಅಂದೇ ಬರೆಯಿರಿ. ದಿನಾ ಬರೆಯಬೇಕಾದವನು ದಿನಾ ಏನನ್ನಾದರೂ ಸರಿಯಾಗಿ ನೋಡಲೇಬೇಕಾಗುತ್ತದೆ. ಅದರಲ್ಲಿರುವ ಲಾಭ ಅದೇ. ಯಾರ ಬಗ್ಗೆ ಬರೆದರೂ, ಅವರು ನಿಮ್ಮ ಪಡಸಾಲೆಯಲ್ಲಿ ಕೂತು ಕೇಳುತ್ತಾರೆಂದೇ ಬರೆಯಿರಿ. ಏನೂ ಹೊಳೆಯದ ದಿನವೂ ಬಿಡಬೇಡಿ. ನನಗೆ ವಾರದಲ್ಲಿ ಹೆಚ್ಚಿನ ದಿನ ಹಾಗೇ ಆಗುತ್ತದೆ. ಆದರೂ ಬರೆಯುತ್ತೇನೆ, ಮತ್ತು ಬೀಗರಿಗೆ ಅದು ಮೊದಲ ಸಾಲಿಗೇ ಗೊತ್ತಾಗುತ್ತದೆ.